ನಿಂಬೆಹಣ್ಣು ನಿಲ್ಲದ ಡಬ್ಬಿ

ಚಾಮರಾಜಪೇಟೆಯ ಅಡ್ಡರಸ್ತೆಯ ಹಾಲಿನ ಬೂತಿನ ಮುಂದೆ ಕ್ರೇಟುಗಳು ದಡಬಡ ಇಳಿಯುವ ಹೊತ್ತಿಗೆ, ಮನೆಯ ಜಗಲಿಯಲ್ಲಿ ಕೂತ ಚೂಡಾಮಣಿಯವರ ಬಲಗೈ ಆಗಲೇ ಒಂದು ಡಬ್ಬಿಯೊಳಗೆ ಮಣಿಕಟ್ಟಿನವರೆಗೂ ಇಳಿದಿರುತ್ತದೆ. ಬಳೆ ತೆಗೆದು ಕಿಟಕಿಯ ಮೇಲಿಟ್ಟಿದ್ದಾರೆ. ಮಾಂಗಲ್ಯದ ಸರ ಜೋತುಬಿದ್ದು ಬೋರ್ಡಿಗೆ ತಾಗಬಾರದೆಂದು ರವಿಕೆಗೆ ಪಿನ್ನು ಹಾಕಿ ಸಿಕ್ಕಿಸಿದ್ದಾರೆ. ಉಟ್ಟಿರುವುದು ಹಳೆಯ ಹತ್ತಿ ಸೀರೆ. ನೈಲೆಕ್ಸ್ ಉಟ್ಟರೆ ಮೈಯಲ್ಲಿ ಚಿಟಿಚಿಟಿ ಎನ್ನುವ ಕರೆಂಟು ಹುಟ್ಟಿಕೊಳ್ಳುತ್ತದೆ, ಆ ಚಿಟಿಚಿಟಿಗೆ ಒಂದು ಮದರ್‌ಬೋರ್ಡು ಸತ್ತೇ ಹೋಗಬಹುದು. ಡಬ್ಬಿಯ ಮೂಲೆಯಲ್ಲಿ ಕಣ್ಣಿಗೆ ಕಾಣದ ಜಾಗದಲ್ಲಿ ಒಂದು ಸ್ಕ್ರೂ ಕೂರಬೇಕು. ಅವರು ಕಣ್ಣು ಮುಚ್ಚಿಕೊಂಡು ಬೆರಳ ತುದಿಯಲ್ಲೇ ತೂತು ಹುಡುಕುತ್ತಾರೆ.

"ಕಣ್ಣು ಬಿಟ್ರೆ ಸಿಗಲ್ಲ. ಮುಚ್ಚಿದ್ರೆ ಸಿಗುತ್ತೆ. ಯಾಕೆ ಅಂತ ಮಾತ್ರ ಕೇಳ್ಬೇಡಿ, ನಂಗೂ ಗೊತ್ತಿಲ್ಲ," ಎಂದು ನಗುತ್ತಾರೆ.

ಡಬ್ಬಿ ಅಂದರೆ ಏನು ಡಬ್ಬಿ ಅನ್ನುತ್ತೀರಿ? ಕಂಪ್ಯೂಟರು! ಮೇಜಿನ ಕೆಳಗೆ ಎಮ್ಮೆಯ ಹಾಗೆ ಮಲಗಿರುತ್ತದಲ್ಲ, ಆ ದೊಡ್ಡ ಪೆಟ್ಟಿಗೆಯಲ್ಲಿ ಇರುವುದೆಲ್ಲ ಇದರೊಳಗೂ ಇದೆ. ಊಟದ ತಟ್ಟೆಗಿಂತ ಚಿಕ್ಕ ಮದರ್‌ಬೋರ್ಡು, ಹಾರ್ಡ್ ಡಿಸ್ಕು, ಪವರ್ ಸಪ್ಲೈ, ಒಂದು ಪುಟ್ಟ ಫ್ಯಾನು. ಮೊದಲ ಸಲ ನೋಡಿದವರು ದಂಗಾಗುತ್ತಾರೆ, ಡಬ್ಬಿಯ ಹಿಂದೆ ಮುಂದೆ ಬಗ್ಗಿ ನೋಡುತ್ತಾರೆ, ಉಳಿದದ್ದೆಲ್ಲಿ ಎಂದು ಕೇಳುತ್ತಾರೆ. ಉಳಿದದ್ದು ಏನೂ ಇಲ್ಲ. ವಾರಕ್ಕೆ ಎರಡು, ಹಬ್ಬದ ಮುಂಚೆ ಮೂರು ಡಬ್ಬಿ ಈ ಜಗಲಿಯಿಂದ ಹೊರಗೆ ಹೋಗುತ್ತವೆ.

ಮುಚ್ಚಳ ಬಿಗಿದಾಯಿತು. ಈಗ ಚೂಡಾಮಣಿ ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತಂದು ಡಬ್ಬಿಯ ನೆತ್ತಿಯ ಮೇಲೆ ಇಡುತ್ತಾರೆ. ಡಬ್ಬಿಯ ನೆತ್ತಿ ಸಮವಾಗಿಲ್ಲ, ಮುಂದಕ್ಕೆ ಇಳಿಜಾರಾಗಿದೆ. ನಿಂಬೆಹಣ್ಣು ಉರುಳಿ ಅವರ ಅಂಗೈಗೆ ಬೀಳುತ್ತದೆ. "ಬಿತ್ತು," ಎಂದು ತಮಗೆ ತಾವೇ ಹೇಳಿಕೊಂಡು ಡಬ್ಬಿಯನ್ನು ಪಕ್ಕಕ್ಕೆ ಸರಿಸುತ್ತಾರೆ. ತೆಗೆದುಕೊಂಡು ಹೋಗಲು ಬಂದ ಗಿರಾಕಿ ದೃಷ್ಟಿ ತೆಗೆದರು ಅಂದುಕೊಂಡು ಭಕ್ತಿಯಿಂದ ಕೈಮುಗಿಯುತ್ತಾನೆ. ಅಲ್ಲ ಸ್ವಾಮಿ, ಇದು ದೃಷ್ಟಿಯೂ ಅಲ್ಲ, ಪೂಜೆಯೂ ಅಲ್ಲ. ಇದರ ಹಿಂದೆ ಒಂದು ಸಂಕ್ರಾಂತಿಯ ಕಥೆಯಿದೆ.

ಅವರು ಹುಟ್ಟಿದ್ದೂ ಬೆಳೆದದ್ದೂ ಇದೇ ಪೇಟೆಯಲ್ಲಿ. ಮದುವೆಗೆ ಮುಂಚಿನಿಂದ ಒಂದು ರೇಡಿಯೋ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಕೆಲಸ. ತೊಂಬತ್ತರ ದಶಕದಲ್ಲಿ ರೇಡಿಯೋ ಕೇಳುವವರೇ ಕಡಿಮೆಯಾದರು, ಕಾರ್ಖಾನೆ ಬಾಗಿಲು ಹಾಕಿತು. ಯಜಮಾನರು ರಾಮಾನುಜ, ಮಂಡಿಯೊಂದರಲ್ಲಿ ಗುಮಾಸ್ತರು. ಮನೆಯಲ್ಲಿ ಸುಮ್ಮನೆ ಕೂರಲು ಚೂಡಾಮಣಿಯವರಿಗೆ ಬರಲಿಲ್ಲ. ಪಕ್ಕದ ವಠಾರದವರು ಕಂಪ್ಯೂಟರು ತಂದು, ಇಡಲು ಜಾಗವಿಲ್ಲದೆ ಅದನ್ನು ಬಚ್ಚಲಮನೆಯ ಬಾಗಿಲಲ್ಲಿ ಇಟ್ಟುಕೊಂಡಿದ್ದರಂತೆ. ಸ್ನಾನಕ್ಕೆ ಹೋಗುವವರೆಲ್ಲ ಅದನ್ನು ದಾಟಿಕೊಂಡೇ ಹೋಗಬೇಕು! ನೋಡಲಾರದೆ ಚೂಡಾಮಣಿ ಚಿಕ್ಕ ಬೋರ್ಡು ಹುಡುಕಿ ತಂದು ಎಲ್ಲವನ್ನೂ ಒಂದು ಹಳೆಯ ಬಿಸ್ಕತ್ತು ಡಬ್ಬದೊಳಗೆ ಕೂರಿಸಿ ಕೊಟ್ಟರು. ಅದೇ ಮೊದಲನೆಯದು.

ಎಸ್.ಪಿ. ರೋಡಿನಲ್ಲಿ ಸಾಮಾನು ತರಲು ಹೋದರೆ ಅಂಗಡಿಯವರು, "ಯಜಮಾನ್ರನ್ನ ಕಳ್ಸಿ ಅಮ್ಮ, ಅವರ ಹತ್ರ ಮಾತಾಡ್ತೀವಿ," ಅನ್ನುತ್ತಿದ್ದರು. ಯಜಮಾನರಿಗೋ ಬಲ್ಬು ಹಾಕಲೂ ಬಾರದು. ಚೂಡಾಮಣಿ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತೇ ಬಿಡುತ್ತಿದ್ದರು, ಸಾಮಾನು ಕೊಡುವ ತನಕ ಏಳುತ್ತಿರಲಿಲ್ಲ. ಈಗ ಅದೇ ಅಂಗಡಿಗಳಲ್ಲಿ ಅವರಿಗೆ ಮೊದಲು ಟೀ ಬರುತ್ತದೆ, ಆಮೇಲೆ ಸಾಮಾನು.

"ಟಿಫನ್ ಕ್ಯಾರಿಯರ್ ತುಂಬೋ ಹಾಗೇ ಇದು," ಎನ್ನುತ್ತಾರೆ. "ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಿರ್ಬೇಕು. ಡಿಸ್ಕು ಮೊದಲು ಇಟ್ಟುಬಿಟ್ರೆ ವೈರು ಹೋಗೋಕೆ ದಾರೀನೇ ಇರಲ್ಲ. ಮತ್ತೆ ಎಲ್ಲಾ ಬಿಚ್ಚು, ಮೊದಲಿಂದ ಶುರು ಮಾಡು. ಎಷ್ಟು ಸಲ ಅತ್ತಿದೀನೋ!"

ಡಬ್ಬಿಯ ಮೈ ಮಾಡಿಕೊಡುವವರು ಕಾಳಪ್ಪ. ನಗರ್ತಪೇಟೆಯಲ್ಲಿ ದೇವರ ಮಂಟಪ, ಪ್ರಭಾವಳಿ ಮಾಡುತ್ತ ತಲೆ ನರೆತವರು. ಅಳತೆ ಹೇಳಿದರೆ ಸಾಕು, ಅಲ್ಯೂಮಿನಿಯಂ ಶೀಟನ್ನು ರೊಟ್ಟಿ ಮಡಿಸಿದಷ್ಟು ಸಲೀಸಾಗಿ ಮಡಿಸಿ ತಂದುಕೊಡುತ್ತಾರೆ. ಗಾಳಿಯಾಡಲು ಮೇಲೆ ತೂತು ಬೇಕು ಎಂದರೆ ಬರೀ ತೂತು ಹೊಡೆಯಲು ಅವರ ಕೈ ಒಪ್ಪುತ್ತಿರಲಿಲ್ಲ. ಎಂಟು ದಳದ ಕಮಲವನ್ನೇ ಕೊರೆದು ತರುತ್ತಿದ್ದರು. ಚೂಡಾಮಣಿಯವರಿಗೂ ಅದು ಚೆಂದ ಕಂಡಿತು. ಬೇಡ ಅನ್ನಬೇಕು ಎಂದು ಯಾಕೆ ತೋಚೀತು ಹೇಳಿ?

ಮೈತ್ರೇಯಿ ಇವರ ಜಗಲಿಗೆ ಬಂದದ್ದು ಆ ಹೊತ್ತಿಗೇ. ಆಟೋದಿಂದ ಇಳಿದು, ಕಾಲಿಗೆ ಕಟ್ಟಿದ ಕಬ್ಬಿಣದ ಪಟ್ಟಿಗಳನ್ನು ಕಟಕಟ ಅನ್ನಿಸುತ್ತ, ಊರುಗೋಲು ಹಿಡಿದು ಮೆಟ್ಟಿಲು ಹತ್ತಿದ ಹುಡುಗಿ. ಚಿಕ್ಕಂದಿನಲ್ಲೇ ಪೋಲಿಯೋ. ಗವಿಪುರದ ಒಂದು ವಠಾರದಲ್ಲಿ ಅಮ್ಮ ಶೈಲಜಮ್ಮನ ಜೊತೆ ಒಂದೂವರೆ ಕೋಣೆಯ ಮನೆ. ಹೊರದೇಶದ ಡಾಕ್ಟರುಗಳು ಹೇಳಿದ್ದನ್ನು ಕಿವಿಗೆ ಹಾಕಿಕೊಂಡು ಟೈಪ್ ಮಾಡುವ ಕೆಲಸ ಸಿಕ್ಕಿತ್ತು, ಮನೆಯಲ್ಲೇ ಕೂತು ಮಾಡಬಹುದು. ಆದರೆ ಮನೆಯಲ್ಲಿ ಕಂಪ್ಯೂಟರು ಇರಬೇಕು, ಅದೂ ಮಂಚದಿಂದ ಕೈ ಚಾಚಿದರೆ ಸಿಗಬೇಕು. ಮಂಚದ ಪಕ್ಕ ಇದ್ದದ್ದು ಗೋಡೆಯೊಳಗಿನ ಒಂದು ಗೂಡು ಮಾತ್ರ. ಅದು ದೇವರ ಗೂಡು, ಮೈತ್ರೇಯಿಯ ಅಜ್ಜಿಯ ಕಾಲದಿಂದ ದೀಪ ಉರಿದ ಜಾಗ.

ಶೈಲಜಮ್ಮ ಒಂದು ವಾರ ಮಾತೇ ಆಡಲಿಲ್ಲವಂತೆ. ಕೊನೆಗೆ ಮಗಳ ಮುಖ ನೋಡಲಾರದೆ ದೇವರನ್ನು ಅಡುಗೆಮನೆಯ ಹಲಗೆಗೆ ಸಾಗಿಸಿದರು. ಕಾಳಪ್ಪ ಹೋಗಿ ಗೂಡಿನ ಅಳತೆ ತಂದರು. ಗೂಡಿನ ಅಗಲಕ್ಕೆ ಅಚ್ಚು ಹೊಯ್ದಂತೆ ಕೂರುವ ಡಬ್ಬಿ ತಯಾರಾಯಿತು, ನೆತ್ತಿಯ ಮೇಲೆ ಎಂಟು ದಳದ ಕಮಲ. ಮೈತ್ರೇಯಿ ಮೊದಲ ಸಂಬಳದಲ್ಲಿ ಅಮ್ಮನಿಗೊಂದು ಸೀರೆ ತಂದಳು. ಅಷ್ಟು ವರ್ಷ ಶೈಲಜಮ್ಮನೇ ಅವಳಿಗೆ ಬಟ್ಟೆ ತಂದದ್ದು, ಈಗ ಮಗಳು ತಂದುಕೊಟ್ಟಳು! ವಠಾರಕ್ಕೆಲ್ಲ ಆ ಸೀರೆಯ ಪ್ರದರ್ಶನವಾಯಿತು.

ಎರಡು ವರ್ಷದ ಹಿಂದಿನ ಸಂಕ್ರಾಂತಿ. ಅವತ್ತು ಸಂಜೆ ಗವಿ ಗಂಗಾಧರೇಶ್ವರನ ಲಿಂಗದ ಮೇಲೆ ಸೂರ್ಯನ ಕಿರಣ ಬೀಳುತ್ತದೆ, ಗವಿಪುರಕ್ಕೆ ಗವಿಪುರವೇ ದೇವಸ್ಥಾನದ ಮುಂದೆ ಸೇರಿರುತ್ತದೆ. ವಠಾರ ಪೂರ್ತಿ ಖಾಲಿ. ಶೈಲಜಮ್ಮನೂ ಹೊರಟರು. ಹೊರಡುವ ಮುಂಚೆ ಮನಸ್ಸು ತಡೆಯಲಿಲ್ಲ. ವರ್ಷದ ಹಬ್ಬ, ಅತ್ತೆ ದೀಪ ಹಚ್ಚಿದ ಜಾಗದಲ್ಲಿ ಕತ್ತಲೆ! ಗೂಡಿನಲ್ಲಿ ನೋಡಿದರೆ ಡಬ್ಬಿಯ ಮೇಲೆ ಕಮಲ ಅರಳಿ ಕೂತಿದೆ, ಪೀಠದ ಹಾಗೆ. ಎಳ್ಳೆಣ್ಣೆ ತುಂಬಿದ ಹಣತೆ ಹಚ್ಚಿ ಆ ಕಮಲದ ಮೇಲಿಟ್ಟು ಕೈಮುಗಿದರು. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಟೈಪು ಮಾಡುತ್ತಿದ್ದ ಮಗಳು ಪಕ್ಕಕ್ಕೆ ತಿರುಗಿ ನೋಡಲಿಲ್ಲ. ನೆಲ ಸಾರಿಸುವಾಗ ಮೂಲೆಗೆ ಸರಿಸಿದ್ದ ಕಾಲಿನ ಪಟ್ಟಿ, ಊರುಗೋಲು ಅಲ್ಲೇ ಉಳಿದವು. ಬೆಕ್ಕು ನುಗ್ಗಿ ಹಾಲಿಗೆ ಬಾಯಿ ಹಾಕದಿರಲಿ ಎಂದು ಶೈಲಜಮ್ಮ ದಿನದ ರೂಢಿಯಂತೆ ಹೊರಗಿನಿಂದ ಚಿಲಕ ಹಾಕಿಕೊಂಡು ಹೋದರು.

ಅದೇ ಸಂಜೆ ಚೂಡಾಮಣಿ ಮನೆಮನೆಗೆ ಎಳ್ಳು ಬೀರುತ್ತ ಬಂದಿದ್ದರು. ಕೈಚೀಲದಲ್ಲಿ ಎಳ್ಳುಬೆಲ್ಲದ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು. ಶೈಲಜಮ್ಮ ಇಲ್ಲದಿದ್ದರೆ ಮೈತ್ರೇಯಿಯ ಕೈಗಾದರೂ ಕೊಟ್ಟು ಹೋಗೋಣ ಎಂದು ವಠಾರದ ಬಾಗಿಲು ದಾಟಿದರು. ದಾಟಿದ್ದೇ ತಡ, ಮೂಗಿಗೆ ವಾಸನೆ ಬಡಿಯಿತು.

"ಎಣ್ಣೆ ವಾಸನೆ ಅಲ್ಲ ರೀ. ಸುಟ್ಟ ವೈರಿನ ವಾಸನೆ. ಕಾರ್ಖಾನೇಲಿ ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಬರ್ತಿತ್ತಲ್ಲ, ಅದೇ. ಇಡೀ ವಠಾರದಲ್ಲಿ ಆ ವಾಸನೆ ಬರೋ ವಸ್ತು ಇದ್ದಿದ್ದು ಒಂದೇ, ಅದು ನಾನು ಮಾಡಿಕೊಟ್ಟಿದ್ದು."

ಕಿಟಕಿಯಲ್ಲಿ ಇಣುಕಿದರು. ಅಯ್ಯೋ ದೇವರೇ! ಕೋಣೆ ತುಂಬ ಹೊಗೆ. ಗೂಡಿನೊಳಗೆ ಕಮಲದ ತೂತುಗಳಿಂದ ಬೆಂಕಿಯ ನಾಲಿಗೆ ಏಳುತ್ತಿದೆ. ಮಂಚದ ಮೇಲೆ ಮೈತ್ರೇಯಿ, ಕೂಗಿ ಕೂಗಿ ಗಂಟಲು ಬಿದ್ದುಹೋಗಿದೆ. ಕೈಯಲ್ಲಿ ನೀರಿನ ಚೊಂಬು ಎತ್ತಿ ಹಿಡಿದಿದ್ದಾಳೆ, ಇನ್ನೇನು ಡಬ್ಬಿಯ ಮೇಲೆ ಸುರಿಯಬೇಕು. ಡಬ್ಬಿಯ ವೈರು ಇನ್ನೂ ಪ್ಲಗ್ಗಿನಲ್ಲೇ ಇದೆ!

"ನೀರು ಹಾಕ್ಬೇಡ್ವೇ! ಮೈತ್ರೇಯಿ, ನೀರು ಹಾಕ್ಬೇಡ, ಕರೆಂಟ್ ಇದೆ!"

ಆ ಕೂಗು ತಮ್ಮದೇ ಎಂದು ಚೂಡಾಮಣಿಯವರಿಗೆ ಆಮೇಲೆ ಗೊತ್ತಾದದ್ದು. ಚೊಂಬು ಹಾಗೇ ನಿಂತಿತು. ವಠಾರದ ಹೊರಗೋಡೆಯಲ್ಲಿ ಫ್ಯೂಸುಗಳ ಸಾಲು, ಯಾವುದು ಯಾರದು ಎಂದು ಬರೆದಿಲ್ಲ. ಯೋಚಿಸಲು ಪುರುಸೊತ್ತೆಲ್ಲಿ? ಎಲ್ಲವನ್ನೂ ಒಂದೊಂದಾಗಿ ಕಿತ್ತು ನೆಲಕ್ಕೆ ಎಸೆದರು. ಚಿಲಕ ತೆಗೆದು ನುಗ್ಗಿ, ಮಂಚದ ಕಂಬಳಿ ಎಳೆದು ಡಬ್ಬಿಯ ಮೇಲೆ ಒತ್ತಿ ಹಿಡಿದರು. ಕಂಬಳಿ ಸುಟ್ಟ ಕಮಟು, ಹೊಗೆ, ಕೆಮ್ಮು. ಬೆಂಕಿ ಆರಿತು. ಮೈತ್ರೇಯಿಯನ್ನು ಬಾಚಿ ತಬ್ಬಿಕೊಂಡು ಮಂಚದ ಮೇಲೆ ಕೂತರು. ಹಣತೆಯನ್ನು ತಳ್ಳಲು ಹೋಗಿ ಹುಡುಗಿಯ ಮುಂಗೈ ಸುಟ್ಟಿತ್ತು. ಎಳ್ಳುಬೆಲ್ಲ ಹೊಸ್ತಿಲ ತುಂಬ ಚೆಲ್ಲಿತ್ತು.

ಏನಾಗಿತ್ತು ಎಂದು ಆಮೇಲೆ ತಿಳಿಯಿತು. ಒಳಗಿನ ಫ್ಯಾನು ತಿರುಗುವಾಗ ಡಬ್ಬಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ನಡುಗುತ್ತದೆ. ಆ ನಡುಕಕ್ಕೆ ಹಣತೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಜರುಗಿ, ಕಮಲದ ದಳಕ್ಕೆ ಅಂಚು ಸಿಕ್ಕಿ ವಾಲಿತ್ತು. ಉರಿಯುವ ಎಣ್ಣೆ ತೂತಿನಿಂದ ಸೀದಾ ಒಳಗೆ.

ದೇವಸ್ಥಾನದಿಂದ ಮರಳಿದ ಶೈಲಜಮ್ಮ ಬಾಗಿಲಲ್ಲೇ ಕಲ್ಲಾಗಿ ನಿಂತರು. ಕೈಯಲ್ಲಿ ಪ್ರಸಾದದ ದೊನ್ನೆ. ಮಗಳ ಕೈ ನೋಡಿದರು, ಕಪ್ಪಾದ ಗೂಡು ನೋಡಿದರು. "ನಾನೇ ಚಿಲಕ ಹಾಕ್ಕೊಂಡು ಹೋದೆನಲ್ಲಾ... ನಾನೇ ಹಾಕಿದ್ದು," ಎಂದು ಹಣೆ ಹಣೆ ಚಚ್ಚಿಕೊಂಡರು. ಚೂಡಾಮಣಿಯವರನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು ಎಂದು ಚೂಡಾಮಣಿ ಇವತ್ತಿಗೂ ಹೇಳುತ್ತಾರೆ. ಅಳು ನಿಂತ ಮೇಲೆ ಶೈಲಜಮ್ಮ ಹೇಳಿದ್ದು ಇಷ್ಟೇ: "ದೇವರ ಜಾಗ ಕಿತ್ತುಕೊಂಡ್ವಿ, ಅದಕ್ಕೇ ಹೀಗಾಯ್ತು. ಇನ್ನು ಈ ಮನೇಲಿ ಆ ಯಂತ್ರ ಬೇಡ. ಕೆಲಸಾನೂ ಬೇಡ."

ಚೂಡಾಮಣಿ ಸುಟ್ಟ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತಂದು ಮಂಚದ ಕೆಳಗೆ ತಳ್ಳಿದರು. ಮರುದಿನ ಎಂದಿನಂತೆ ಎದ್ದು ಜಗಲಿಯಲ್ಲಿ ಕೂತರು. ಸ್ಕ್ರೂಡ್ರೈವರು ಹಿಡಿದರೆ ಬೆರಳು ನಿಲ್ಲದು, ನಡುಕ. ಕಣ್ಣು ಮುಚ್ಚಿದರೆ ತೂತಿನ ಬದಲು ಎತ್ತಿ ಹಿಡಿದ ಚೊಂಬು ಕಾಣುತ್ತದೆ. ಒಪ್ಪಿಕೊಂಡಿದ್ದ ಕೆಲಸಗಳನ್ನೆಲ್ಲ ವಾಪಸು ಮಾಡಿದರು. ಕಾಳಪ್ಪ ವಿಷಯ ಕೇಳಿ ಹೌಹಾರಿದರು.

"ಕಮಲ ಬಿಡಿಸಿದ್ದು ನಾನು ತಾಯೀ. ಪೀಠ ಮಾಡಿ ಮಾಡಿ ಕೈಗೆ ಅದೇ ರೂಢಿ. ಪೀಠ ಕಂಡ್ಮೇಲೆ ದೀಪ ಇಡದೆ ಬಿಡ್ತಾರಾ ಹೆಂಗಸ್ರು?" ಎಂದು ಕಣ್ಣೊರೆಸಿಕೊಂಡರು.

"ಚೆನ್ನಾಗಿದೆ ಅಂದೋಳು ನಾನಲ್ವಾ ಕಾಳಪ್ಪನವರೇ? ನನ್ನದೇ ತಪ್ಪು," ಎಂದರು ಚೂಡಾಮಣಿ.

ಶಿವರಾತ್ರಿ ಕಳೆಯಿತು. ಒಂದು ಮಧ್ಯಾಹ್ನ ಮೈತ್ರೇಯಿಯ ಫೋನು.

"ಆಂಟಿ, ಗೂಡಿಗೆ ದೇವರು ವಾಪಸ್ ಬಂದಾಯ್ತು. ಅಮ್ಮ ಖುಷಿಯಾಗಿದಾರೆ. ಆಫೀಸಿನವರು ಈ ತಿಂಗಳ ಕೊನೇವರೆಗೂ ಕಾಯ್ತಾರಂತೆ, ಆಮೇಲೆ ಬೇರೆಯವರಿಗೆ ಕೊಡ್ತಾರಂತೆ."

"ಬೇಡಮ್ಮ. ನನ್ನ ಕೈಯಲ್ಲಿ ಆಗಲ್ಲ. ನಿನಗೆ ಏನಾದ್ರೂ ಆಗಿದ್ದಿದ್ರೆ..."

"ಏನೂ ಆಗ್ಲಿಲ್ವಲ್ಲ ಆಂಟಿ! ಇಪ್ಪತ್ತೆಂಟು ವರ್ಷದಿಂದ ನನಗೆ ಏನಾದ್ರೂ ಆಗುತ್ತೆ ಅಂತ ಎಲ್ಲರೂ ಹೆದರಿಕೊಂಡೇ ಇದಾರೆ. ನಾನೇನು ಗೂಡಲ್ಲಿಡೋ ದೇವರಾ, ಕೂರಿಸಿದ ಕಡೆ ಕೂತಿರೋಕೆ?"

ಫೋನು ಕುಕ್ಕಿದ ಸದ್ದು. ಚೂಡಾಮಣಿ ರಿಸೀವರು ಕೆಳಗಿಟ್ಟರು. ಕೈಯಲ್ಲಿದ್ದ ಕಾಫಿಯ ಲೋಟವನ್ನು ಎದುರಿಗೆ ಸಿಕ್ಕ ಕಡೆ ಇಟ್ಟರು. ಅದು ರಾಮಾನುಜರ ಮಂಡಿಯ ಡೆಸ್ಕು, ಹಳೆಯ ಗುಮಾಸ್ತರ ಇಳಿಜಾರು ಡೆಸ್ಕು, ಕೆಲಸದಿಂದ ನಿವೃತ್ತರಾದಾಗ ಪ್ರೀತಿಗೆ ಮನೆಗೆ ಹೊತ್ತು ತಂದದ್ದು. ಲೋಟ ಸರ್ರನೆ ಜಾರಿ ಅದರ ಮುಂದೆ ಕೂತಿದ್ದ ರಾಮಾನುಜರ ಪಂಚೆಯ ಮೇಲೆ ಬಿತ್ತು.

"ಅಯ್ಯೋ, ಸುಟ್ಟೆಯಲ್ಲೇ! ಇದರ ಮೇಲೆ ಏನೂ ನಿಲ್ಲಲ್ಲ ಅಂತ ಎಷ್ಟು ಸಲ ಬಡ್ಕೊಂಡಿದೀನಿ!" ಎಂದು ರಾಮಾನುಜರು ಎಗರಿದರು.

ಚೂಡಾಮಣಿ ಪಂಚೆಯ ಕಡೆ ನೋಡಲಿಲ್ಲ. ಡೆಸ್ಕನ್ನೇ ನೋಡುತ್ತಿದ್ದರು. "ಏನಂದ್ರಿ? ಇನ್ನೊಂದು ಸಲ ಹೇಳಿ," ಎಂದರು.

ಹಾಗೆ ಹುಟ್ಟಿದ್ದು ಇಳಿಜಾರಿನ ಡಬ್ಬಿ. ನೆತ್ತಿಯ ಮೇಲೆ ಒಂದೂ ತೂತಿಲ್ಲ, ಗಾಳಿಯ ದಾರಿಯೆಲ್ಲ ಮುಂಗಡೆಯ ಪಟ್ಟಿಯಲ್ಲಿ. ಕೇಳಲು ಸುಲಭ. ಮುಂದುಗಡೆ ತಗ್ಗಾದ್ದರಿಂದ ಒಳಗೆ ಜಾಗ ಇನ್ನೂ ಕಡಿಮೆ. ಡಿಸ್ಕನ್ನು ಎಲ್ಲಿಡಬೇಕು, ಬಿಸಿಗಾಳಿ ಹೇಗೆ ಹೊರಗೆ ಹೋಗಬೇಕು, ಒಂದೂ ಬಗೆಹರಿಯದು. ಕಾಳಪ್ಪ ಮಾಡಿ ತಂದ ಮೈಯನ್ನು ಚೂಡಾಮಣಿ ಮತ್ತೆ ಮತ್ತೆ ಹಿಂದಕ್ಕೆ ಕಳಿಸಿದರು. ಹಾಗೆ ಕಳಿಸುತ್ತ, ಬಿಚ್ಚುತ್ತ, ಕೂರಿಸುತ್ತ, ಕೈಯ ನಡುಕ ಯಾವಾಗ ಹೋಯಿತೋ ಅವರಿಗೇ ತಿಳಿಯಲಿಲ್ಲ. ಸರಿಹೋದ ದಿನ ಕಾಳಪ್ಪ ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು ಡಬ್ಬಿಯ ಮೇಲಿಟ್ಟರು. ಅದು ಉರುಳಿ ಬಿತ್ತು. "ಇನ್ನು ಇದರ ಮೇಲೆ ಹಣತೆ ಇಡ್ಲಿ ನೋಡೋಣ," ಎಂದರು.

ತಿಂಗಳು ಮುಗಿಯಲು ಎರಡು ದಿನ ಇರುವಾಗ ಚೂಡಾಮಣಿ ಡಬ್ಬಿ ಹೊತ್ತು ಗವಿಪುರಕ್ಕೆ ಹೋದರು. ಶೈಲಜಮ್ಮ ಬಾಗಿಲಿಗೆ ಅಡ್ಡ ನಿಂತರು. ಮೈತ್ರೇಯಿ ಮಂಚದ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಶೈಲಜಮ್ಮ ಮಗಳ ಕಡೆ ತಿರುಗಿ ನೋಡಿ ಹೇಳಿದರು, "ನಾನು ಹೇಳೋದಲ್ಲ, ದೇವರನ್ನೇ ಕೇಳ್ತೀನಿ. ಅವನು ಹೂ ಕೊಟ್ರೆ ಸರಿ, ಇಲ್ದಿದ್ರೆ ತಗೊಂಡು ಹೋಗ್ಬಿಡಿ."

ಗೂಡಿನಿಂದ ದೇವರ ಪಟವನ್ನು ತೆಗೆದು ಪಕ್ಕಕ್ಕಿಟ್ಟು, ಅಲ್ಲಿ ಡಬ್ಬಿ ಇಟ್ಟರು. ಒಂದು ಕನಕಾಂಬರವನ್ನು ನೀರಿನಲ್ಲಿ ಅದ್ದಿದರು. ಹೂ ಕೇಳುವುದು ಪಟದ ಮೇಲೆ ಅಂಟಿಸಿ ಅಲ್ಲವೇ? ಅವರು ಡಬ್ಬಿಯ ನೆತ್ತಿಯ ಮೇಲೆ ಇಟ್ಟರು! ಒದ್ದೆ ಹೂವು ಒಂದು ಗಳಿಗೆ ನಿಂತಿತು. ಆಮೇಲೆ ಅದು ಮೆಲ್ಲಗೆ ಜಾರಿ, ಅಂಚಿಗೆ ಬಂದು, ಗೂಡಿನ ಕೆಳಗೆ ಮಂಚದ ಮೇಲೆ ಕೂತಿದ್ದ ಮೈತ್ರೇಯಿಯ ಮಡಿಲಿಗೆ ಬಿತ್ತು.

"ಕೊಟ್ಟ," ಎಂದರು ಶೈಲಜಮ್ಮ. "ಪ್ರಸಾದ ಆಯ್ತು. ಇಟ್ಕೋ ಮಗಳೇ."

ಮೈತ್ರೇಯಿ ಹೂವನ್ನು ಕಣ್ಣಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಚೂಡಾಮಣಿಯವರಿಗೆ ಮಾತ್ರ ಎದೆಯಲ್ಲಿ ಮುಳ್ಳು. ಹೂವು ಬಿದ್ದದ್ದು ತಾವು ಮಾಡಿದ ಇಳಿಜಾರಿಗೆ, ಇದು ಆ ತಾಯಿಗೆ ಮಾಡಿದ ಮೋಸವಲ್ಲವೇ? ಎಷ್ಟೋ ದಿನ ಊಟ ಸೇರಲಿಲ್ಲ. ಕಡೆಗೆ ಯುಗಾದಿಯ ಮಾರನೆಯ ದಿನ ಹೋಗಿ, ಶೈಲಜಮ್ಮನನ್ನು ವಠಾರದ ಬಾವಿಕಟ್ಟೆಗೆ ಕರೆದು ಎಲ್ಲ ಹೇಳಿಬಿಟ್ಟರು. ಏನೂ ನಿಲ್ಲಬಾರದೆಂದೇ ಹಾಗೆ ಮಾಡಿದ್ದು, ಹೂವಲ್ಲ, ಏನಿಟ್ಟರೂ ಬೀಳುತ್ತಿತ್ತು, ಎಂದು.

ಶೈಲಜಮ್ಮ ಅವರ ಮುಖವನ್ನೇ ನೋಡಿದರು.

"ಅಲ್ಲಾ ಕಣಮ್ಮ, ನನಗೇನು ಕಣ್ಣಿಲ್ವಾ? ಜಾರುಬಂಡೆ ಹಾಗಿದೆ, ಬೀಳದೆ ಏನಾಗುತ್ತೆ? ಮತ್ತೆ ಪಟದ ಮೇಲೆ ಬಿಟ್ಟು ಅದರ ಮೇಲೆ ಯಾಕಿಟ್ಟೆ ಅಂದ್ಕೊಂಡೆ? ಪಟದ ಮೇಲೆ ಇಟ್ಟು, ಬೀಳದೆ ಹೋಗಿದ್ರೆ? ಬೇಡ ಅಂತ ಬಾಯಿ ಬಿಟ್ಟು ಹೇಳ್ಬಿಟ್ಟಿದ್ದೆ. ಆ ಮಾತು ವಾಪಸ್ ತಗೊಳ್ಳೋಕೆ ನನಗೂ ಒಂದು ದಾರಿ ಬೇಕಿತ್ತಲ್ಲ."

ಇದನ್ನು ಹೇಳುವಾಗ ಚೂಡಾಮಣಿ ಇವತ್ತಿಗೂ ಬಾಯಿಯ ಮೇಲೆ ಕೈಯಿಡುತ್ತಾರೆ. "ಬೆಂಕಿ ನೋಡಿ ಅಷ್ಟು ಬೆಚ್ಚಿರಲಿಲ್ಲ ರೀ ನಾನು. ಈ ಮಾತು ಕೇಳಿ ಬಾವಿಕಟ್ಟೆ ಮೇಲೆ ಹಾಗೇ ಕೂತ್ಬಿಟ್ಟೆ!"

ಮೈತ್ರೇಯಿ ಇವತ್ತಿಗೂ ಅದೇ ಡಬ್ಬಿಯಲ್ಲಿ ಕೆಲಸ ಮಾಡುತ್ತಾಳೆ. ಬಾಗಿಲಿಗೆ ಹೊರಗಿನ ಚಿಲಕ ಹೋಗಿ ಒಳಗೆ, ಅವಳ ಕೈಗೆ ಎಟುಕುವಂತೆ ಅಗುಳಿ ಬಂದಿದೆ. ಹೊರಗಿನ ಫ್ಯೂಸುಗಳ ಮೇಲೆ ಒಂದೊಂದು ಮನೆಯವರ ಹೆಸರು ಬಣ್ಣದಲ್ಲಿ ಬರೆದಿದೆ, ಅದು ಚೂಡಾಮಣಿಯವರ ಹಟ. ದೇವರು ಮತ್ತೆ ಅಡುಗೆಮನೆಯ ಹಲಗೆಗೆ ಹೋಗಿದ್ದಾನೆ, ದೀಪ ಅಲ್ಲೇ ಉರಿಯುತ್ತದೆ. ಶುಕ್ರವಾರ ಮಾತ್ರ ಶೈಲಜಮ್ಮ ಡಬ್ಬಿಯ ನೆತ್ತಿಯ ಮೇಲೆ ಒಂದು ಹೂವಿಡುತ್ತಾರೆ, ಅದು ಜಾರಿ ಮಗಳ ಮಡಿಲಿಗೆ ಬೀಳುತ್ತದೆ, ಅವಳು ಅದನ್ನು ಮುಡಿದುಕೊಂಡು ಕೆಲಸಕ್ಕೆ ಕೂರುತ್ತಾಳೆ.

ಚಾಮರಾಜಪೇಟೆಯ ಜಗಲಿಯಲ್ಲಿ ಬಿಸಿಲು ಮೆಟ್ಟಿಲಿಗೆ ಬಂದಿದೆ. ಇನ್ನೇನು ಬಸ್ಸುಗಳ ಧೂಳು ಏಳುತ್ತದೆ, ಕೆಲಸ ನಿಲ್ಲಿಸಬೇಕು. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಚೂಡಾಮಣಿ ಬಳೆ ಏರಿಸಿಕೊಳ್ಳುತ್ತಾರೆ.

"ಆಸೆ ಏನು, ಕೈ ನಡುಗದೆ ಇನ್ನೊಂದಷ್ಟು ವರ್ಷ ನಡೆದ್ರೆ ಸಾಕು," ಎಂದು ನಿಂಬೆಹಣ್ಣನ್ನು ಸೆರಗಿನಲ್ಲಿ ಒರೆಸುತ್ತಾರೆ. "ಇವತ್ತು ಶುಕ್ರವಾರ ಅಲ್ವಾ? ಈ ಹೊತ್ತಿಗೆ ಗವಿಪುರದಲ್ಲಿ ಹೂ ಬಿದ್ದಿರುತ್ತೆ."